ಹೊಗೆ ಹೊರಗೆ ಹೋಗಬೇಕಾದರೆ ಗಾಳಿ ಒಳಗೆ ಬರಬೇಕು: ಸೌದೆ ಒಲೆಗೆ ಚಿಮಣಿ ಕೂರಿಸುವವರಿಗೆ

ನಮ್ಮ ತೀರ್ಥಹಳ್ಳಿ ಕಡೆಯ ಹಳೇ ಮನೆಗಳಲ್ಲಿ ಒಲೆಗೆ ಚಿಮಣಿ ಇರಲಿಲ್ಲ. ಚಿಮಣಿ ಎಂದರೆ ಸೀಮೆಎಣ್ಣೆ ಬುಡ್ಡಿ ಅಷ್ಟೆ. ಹೊಗೆ ಅಟ್ಟಕ್ಕೇರಿ, ಅಲ್ಲಿ ಕಟ್ಟಿಟ್ಟ ಬಿತ್ತನೆಯ ಸೌತೆಕಾಯಿ, ಜೋಳದ ತೆನೆಗಳಿಗೆಲ್ಲ ಮಸಿ ಬಳಿದು, ಹಂಚಿನ ಸಂದಿಯಿಂದ ನಿಧಾನಕ್ಕೆ ಸೋರಿ ಹೋಗುತ್ತಿತ್ತು. ಅಜ್ಜಿ ಕೆಮ್ಮುತ್ತಲೇ ಅಡುಗೆ ಮಾಡುತ್ತಿದ್ದಳು. ಒಳ್ಳೆಯದಿತ್ತು ಎಂದು ಹೇಳುತ್ತಿಲ್ಲ. ಆದರೆ ಆ ಮನೆಗೆ ನೂರು ತೂತಿತ್ತು.

ಈಗ ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಎದ್ದಿದೆ. ಯುಪಿವಿಸಿ ಕಿಟಕಿ, ರಬ್ಬರ್ ಬೀಡಿಂಗ್ ಇರುವ ಬಾಗಿಲು. ಅಡುಗೆ ಗ್ಯಾಸಿನಲ್ಲೇ ಆದರೂ ಅಕ್ಕಿ ರೊಟ್ಟಿಗೆ, ಹಬ್ಬದ ಅಡುಗೆಗೆ ಒಂದು ಅಸ್ತ್ರ ಒಲೆ (ಮೂರು ಪಾತ್ರೆ ಕೂರುವ, ಪೈಪಿನಿಂದ ಹೊಗೆ ಬಿಡುವ ಸೌದೆ ಒಲೆ) ಇರಲಿ ಎಂದು ಅಮ್ಮ ಹಟ ಹಿಡಿದಳು. ನಾಲ್ಕಿಂಚಿನ ಪೈಪ್ ಹಾಕಿಸಿದೆವು. ಮೊದಲ ದಿನವೇ ಒಲೆಬಾಯಿಯಿಂದ ಹೊಗೆ ಮುಖಕ್ಕೆ ಹೊಡೆಯಿತು. ಎತ್ತರ ಸಾಲದೆಂದು ಪೈಪನ್ನು ಮೂರಡಿ ಏರಿಸಿದೆವು. ಮತ್ತೆ ಹೊಗೆ. ಪೈಪಿನ ತುದಿಯ ಟೋಪಿ ಬದಲಿಸಿದೆವು. ಮತ್ತೂ ಹೊಗೆ. ಕೊನೆಗೆ ಒಲೆ ಹಾಕಿದ ಮೇಸ್ತ್ರಿಯೇ ಬಂದರು. ಪೈಪ್ ಮುಟ್ಟಲೇ ಇಲ್ಲ. ಸುಮ್ಮನೆ ಸುತ್ತ ನೋಡಿ ಎಕ್ಸಾಸ್ಟ್ ಫ್ಯಾನ್ ಆರಿಸಿ, ಹಿತ್ತಲ ಬಾಗಿಲು ತೆಗೆದು, "ಈಗ ನೋಡಿ" ಅಂದರು. ಅರ್ಧ ನಿಮಿಷದಲ್ಲಿ ಹೊಗೆ ಬಾಲ ಮುದುರಿಕೊಂಡು ಪೈಪಿಗೆ ಹೋಯಿತು. "ಪೈಪ್ ಸರಿಯಾಗೇ ಇದೆ ಮಾರಾಯ್ರೆ. ಗಾಳಿ ಎಲ್ಲಿಂದ ಬರ್ಬೇಕು ಹೇಳಿ?"

ಆ ಪ್ರಶ್ನೆಗೆ ಉತ್ತರವಿಲ್ಲದೆ ನಾವು ಎರಡು ಸಲ ದುಡ್ಡು ಹಾಕಿದ್ದೆವು. ನೀವು ಹಾಕದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಅಡುಗೆಯ ಒಲೆ, ಬಚ್ಚಲ ಹಂಡೆ ಒಲೆ ಎರಡಕ್ಕೂ ಇದು ಅನ್ವಯ.

ಮೊದಲು ಸ್ವಲ್ಪ ಲೆಕ್ಕ

ಒಂದು ಕಿಲೋ ಒಣ ಸೌದೆ ಪೂರ್ತಿ ಉರಿಯಲು ಸುಮಾರು 6 ಕಿಲೋ ಗಾಳಿ ಬೇಕು, ಅಂದರೆ ಐದು ಘನ ಮೀಟರ್. ಇದು ಪುಸ್ತಕದ ಲೆಕ್ಕ. ಮನೆಯ ಒಲೆ ಇದರ ಎರಡರಷ್ಟನ್ನಾದರೂ ಎಳೆದುಕೊಳ್ಳುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯಲ್ಲಿ ಇರುವುದೇ 28 ಘನ ಮೀಟರ್ ಗಾಳಿ. ಮೂರು ಕಿಲೋ ಸೌದೆ ಉರಿಸಿದರೆ ಇಡೀ ಕೋಣೆಯ ಗಾಳಿ ಒಂದು ಸಲ ಪೈಪಿನಲ್ಲಿ ಹೊರಟುಹೋದಂತೆ. ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರದಿದ್ದರೆ ಹೊಗೆಯೂ ಹೊರಗೆ ಹೋಗುವುದಿಲ್ಲ.

ಇನ್ನು ಚಿಮಣಿ ಎಳೆಯುವ ಶಕ್ತಿ. ಒಳಗಿನ ಬಿಸಿ ಗಾಳಿ ಹಗುರ, ಹೊರಗಿನ ತಣ್ಣನೆಯ ಗಾಳಿ ಭಾರ. ಈ ವ್ಯತ್ಯಾಸವೇ ಹೊಗೆಯನ್ನು ಮೇಲಕ್ಕೆ ದಬ್ಬುವುದು. ನಾಲ್ಕು ಮೀಟರ್ ಎತ್ತರದ ಪೈಪಿನಲ್ಲಿ 150 ಡಿಗ್ರಿ ಬಿಸಿಯ ಹೊಗೆ ಇದ್ದರೆ ಹುಟ್ಟುವ ಎಳೆತ ಸುಮಾರು 14 ಪ್ಯಾಸ್ಕಲ್. ಒಂದೂವರೆ ಮಿಲಿಮೀಟರ್ ನಿಂತ ನೀರಿನ ಭಾರಕ್ಕೂ ಕಡಿಮೆ ಅನ್ನಿ. ಎಲ್ಲ ಮುಚ್ಚಿದ ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಇದನ್ನು ಸುಲಭವಾಗಿ ಸೋಲಿಸುತ್ತದೆ. ಆಗ ಚಿಮಣಿಯೇ ಗಾಳಿ ಒಳಬರುವ ದಾರಿಯಾಗುತ್ತದೆ, ಬರುವ ಗಾಳಿಯ ಜೊತೆ ಹೊಗೆಯೂ ಬರುತ್ತದೆ.

ಹಂತ 1: ತೊಂದರೆ ಎಲ್ಲಿದೆ ಎಂದು ಅಗರಬತ್ತಿಯಿಂದ ನೋಡಿ

ಒಲೆ ಹೊಗೆಯುತ್ತಿದ್ದರೆ ಮೇಸ್ತ್ರಿಗೆ ಫೋನ್ ಮಾಡುವ ಮೊದಲು ಒಂದು ಅಗರಬತ್ತಿ ಹಚ್ಚಿ. ಸಣ್ಣಗೆ ಬೆಂಕಿ ಹಾಕಿ ಪೈಪ್ ಬಿಸಿಯಾಗಲು ಹತ್ತು ನಿಮಿಷ ಬಿಡಿ. ಕಿಟಕಿ ಬಾಗಿಲು ಪೂರ್ತಿ ಹಾಕಿ, ಮನೆಯಲ್ಲಿರುವ ಎಕ್ಸಾಸ್ಟ್ ಫ್ಯಾನ್‌ಗಳನ್ನೆಲ್ಲ ಚಾಲೂ ಮಾಡಿ; ಬಚ್ಚಲಿನದ್ದು, ಗ್ಯಾಸ್ ಸ್ಟೋವ್ ಮೇಲಿನ ಹುಡ್ ಎರಡೂ ಸೇರಿ. ಅಗರಬತ್ತಿಯನ್ನು ಒಲೆಬಾಯಿಯ ಮೇಲಂಚಿಗೆ ಹಿಡಿಯಿರಿ. ಹೊಗೆಯ ಎಳೆ ಒಳಗೆ ಬಾಗಿದರೆ ಸರಿ. ನಿಂತಲ್ಲೇ ಅಲ್ಲಾಡಿದರೆ ಅಥವಾ ನಿಮ್ಮ ಕಡೆಗೇ ತಿರುಗಿದರೆ ಕಿಟಕಿಯನ್ನು ಒಂದಿಂಚು ತೆಗೆಯಿರಿ.

ಕಿಟಕಿ ತೆಗೆದ ಕೂಡಲೇ ಎಳೆ ಒಳಗೆ ತಿರುಗಿತೋ, ಚಿಮಣಿ ಚೆನ್ನಾಗಿದೆ, ಕೊರತೆ ಗಾಳಿಯದು. ಎರಡನೇ ಹಂತಕ್ಕೆ ಹೋಗಿ. ಏನೂ ವ್ಯತ್ಯಾಸ ಆಗಲಿಲ್ಲವೋ, ಒಲೆಯ ಒಳದಾರಿ ಇಲ್ಲವೇ ಪೈಪ್ ಕಟ್ಟಿದೆ. ಮೂರು, ನಾಲ್ಕನ್ನು ನೋಡಿ. ಪರೀಕ್ಷೆ ಮುಗಿದ ತಕ್ಷಣ ಕಿಟಕಿ ಬಾಗಿಲು ತೆಗೆದುಬಿಡಿ.

ಹಂತ 2: ಗಾಳಿ ಕಿಂಡಿ

"ಕಿಟಕಿ ತೆಗೆದಿಟ್ಟರೆ ಆಯ್ತಲ್ಲ?" ಎಂದು ಎಲ್ಲರೂ ಕೇಳುತ್ತಾರೆ. ಆಷಾಢದ ಮಳೆಯಲ್ಲಿ, ಗಾಳಿಯ ಜೊತೆ ಹನಿ ಅಡ್ಡಡ್ಡ ಬರುವಾಗ ಯಾರು ಕಿಟಕಿ ತೆಗೆದಿಡುತ್ತಾರೆ? ಒಲೆ ಹೆಚ್ಚು ಉರಿಯುವುದೂ ಆಗಲೇ. ಹಾಗಾಗಿ ಯಾರೂ ಮುಚ್ಚಲಾಗದ ಒಂದು ಕಾಯಂ ಕಿಂಡಿ ಬೇಕು.

ಅಳತೆ ಸುಲಭ: ಕಿಂಡಿಯ ತೆರೆದ ಜಾಗ ಪೈಪಿನ ಬಾಯಿಗಿಂತ ಕಡಿಮೆ ಇರಬಾರದು. ನಾಲ್ಕಿಂಚಿನ ಪೈಪಿಗೆ 80 ಚದರ ಸೆಂಟಿಮೀಟರ್, ಆರಿಂಚಿನದಕ್ಕೆ 180. ಇಲಿ, ಹಾವು ಬರದಂತೆ ಜಾಲರಿ ಹಾಕಲೇಬೇಕು, ಜಾಲರಿಯ ತಂತಿ ಜಾಗ ತಿನ್ನುತ್ತದೆ. ಆದ್ದರಿಂದ ಕಿಂಡಿಯನ್ನು ಲೆಕ್ಕಕ್ಕಿಂತ ಒಂದೂವರೆ ಪಟ್ಟು ದೊಡ್ಡದು ಮಾಡಿ. ಸೊಳ್ಳೆ ಪರದೆಯ ಬಲೆ ಬೇಡ. ಎರಡೇ ತಿಂಗಳಲ್ಲಿ ಅದರ ಮೇಲೆ ಧೂಳು, ಎಣ್ಣೆಜಿಡ್ಡು ಕೂತು ಗೋಡೆಯಾಗುತ್ತದೆ. ಅರ್ಧ ಇಂಚಿನ ಕಣ್ಣಿನ ವೆಲ್ಡೆಡ್ ಮೆಶ್ ಸಾಕು.

ಜಾಗ: ಒಲೆಯ ಹತ್ತಿರ, ನೆಲದಿಂದ ಒಂದಡಿ ಒಳಗೆ. ಮೇಲಿನ ವೆಂಟಿಲೇಟರ್ ಈ ಕೆಲಸಕ್ಕೆ ಬರುವುದಿಲ್ಲ. ಕೋಣೆಯ ಬಿಸಿ ಗಾಳಿ ಅಲ್ಲಿಂದ ಹೊರಗೆ ಹೋಗುತ್ತಾ ಚಿಮಣಿಗೇ ಪೈಪೋಟಿ ಕೊಡುತ್ತದೆ. ಕಿಂಡಿ ಒಲೆಯ ಹಿಂಬದಿ ಗೋಡೆಯಲ್ಲೇ ಇದ್ದರೆ ಕೂತು ಅಡುಗೆ ಮಾಡುವವರ ಕಾಲಿಗೆ ಚಳಿ ಬಡಿಯುವುದಿಲ್ಲ. ಇದು ಸಣ್ಣ ಮಾತಲ್ಲ. ಕಾಲಿಗೆ ಚಳಿ ಬಡಿದ ದಿನವೇ ಕಿಂಡಿಗೆ ಗೋಣಿಚೀಲ ತುರುಕುತ್ತಾರೆ. ನಮ್ಮಮ್ಮನೇ ತುರುಕಿದ್ದಳು.

ಮಲೆನಾಡಿನಲ್ಲಿ ಮಳೆಗಾಳಿ ಪಡುವಣದಿಂದ ಬರುತ್ತದೆ. ಕಿಂಡಿ ಆ ಗೋಡೆಯಲ್ಲಿದ್ದರೆ ಗಾಳಿ ತಾನಾಗೇ ಒಳಗೆ ನೂಕುತ್ತದೆ, ಚಿಮಣಿಗೆ ಸಹಾಯ. ಆದರೆ ನೀರೂ ನುಗ್ಗುತ್ತದೆ. ಕಿಂಡಿಗೆ ಒಂದು ಪೈಪ್ ತೂರಿಸಿ, ಗೋಡೆಯ ಹೊರಗೆ ಅದರ ಬಾಯಿಯನ್ನು ಒಂದು ಎಲ್ಬೋ (ಬಾಗು ತುಂಡು) ಹಾಕಿ ಕೆಳಮುಖ ಮಾಡಿದರೆ ಆಯಿತು. ಇದಕ್ಕೆ ಪಿವಿಸಿ ಪೈಪ್ ನಡೆಯುತ್ತದೆ, ಬರುವುದು ತಣ್ಣನೆ ಗಾಳಿ ತಾನೆ. ಪಿವಿಸಿ ಬಳಸಬಹುದಾದ ಜಾಗ ಇಡೀ ಕೆಲಸದಲ್ಲಿ ಇದೊಂದೇ, ಅದೂ ಪೈಪಿನ ಒಳಬಾಯಿ ಕಿಡಿ ಸಿಡಿಯದಷ್ಟು ದೂರ ಇದ್ದರೆ.

ಬಚ್ಚಲ ಹಂಡೆ ಒಲೆಗೆ ಇದಕ್ಕಿಂತ ಒಳ್ಳೆಯ ಉಪಾಯ ನಮ್ಮ ಹಿರಿಯರದ್ದೇ ಇದೆ: ಬೆಂಕಿ ಹಾಕುವ ಬಾಯಿ ಗೋಡೆಯ ಆಚೆ, ಹಿತ್ತಲಿಗೆ. ಹಂಡೆ ಒಳಗೆ, ಬೆಂಕಿ ಹೊರಗೆ. ಒಲೆ ಉಸಿರಾಡುವುದು ಹೊರಗಿನ ಗಾಳಿ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವವರ ಪಾಲಿನದ್ದಲ್ಲ. ಹಂಡೆಯ ಕಂಠ ಮತ್ತು ಕಟ್ಟೆಯ ನಡುವಿನ ಸಂದಿಯನ್ನು ಮಣ್ಣಿನಿಂದ ಮೆತ್ತಿ, ಬಿರುಕು ಬಿಟ್ಟಾಗಲೆಲ್ಲ ಮತ್ತೆ ಮೆತ್ತುತ್ತಿರಬೇಕು. ಹೊಸ ಬಚ್ಚಲು ಕಟ್ಟಿಸುವವರು ಇದನ್ನು ಬಿಟ್ಟು ಬೇರೆ ಯೋಚಿಸಲೇ ಬೇಡಿ. ಆಚೆ ಚಪ್ಪರ ಇಳಿಸಿಕೊಂಡರೆ ಸೌದೆಯೂ ನೆನೆಯುವುದಿಲ್ಲ.

ಹಂತ 3: ಒಲೆಯ ಒಳದಾರಿ

ಅಸ್ತ್ರ ಎಂಬ ಹೆಸರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಗ್ರಾಮೀಣ ತಂತ್ರಜ್ಞಾನದ ಕೇಂದ್ರದ್ದು. ಎಂಬತ್ತರ ದಶಕದಲ್ಲಿ ಅಲ್ಲಿಂದ ಬಂದ ಮೂರು ಪಾತ್ರೆಯ ಒಲೆಗೂ ಅದೇ ಹೆಸರು ಅಂಟಿತು. ಇದರಲ್ಲಿ ಗಾಳಿ ಹೋಗುವ ದಾರಿ ಹೀಗೆ: ಬೆಂಕಿಯ ಕೆಳಗಿನ ಕಬ್ಬಿಣದ ಜಾಲರಿಯಿಂದ ಮೇಲಕ್ಕೆ, ಮೊದಲ ಪಾತ್ರೆಯ ತಳಕ್ಕೆ ಬಡಿದು ಸುರಂಗದಲ್ಲಿ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಆಮೇಲೆ ಪೈಪಿಗೆ.

ಈ ದಾರಿಯಲ್ಲಿ ಮೂರು ಕಡೆ ಎಡವಟ್ಟಾಗುತ್ತದೆ. ಜಾಲರಿಯ ಕೆಳಗೆ ಬೂದಿ ತುಂಬಿ ಗಾಳಿ ನಿಲ್ಲುವುದು ಒಂದು. ದಿನಾ ಬೆಳಿಗ್ಗೆ ಬೂದಿ ಎಳೆದರೆ ಮುಗಿಯಿತು. ಸುರಂಗದಲ್ಲಿ ಹಾರುಬೂದಿ ಕೂರುವುದು ಇನ್ನೊಂದು. ಪಾತ್ರೆ ಎತ್ತಿ ಕೈ ಹಾಕಿ ನೋಡಿ, ಮುಷ್ಟಿ ಸಲೀಸಾಗಿ ಹೋಗಬೇಕು. ಮೂರನೆಯದು ಎಲ್ಲರೂ ಮಾಡುವ ತಪ್ಪು: ಒಂದೇ ಪಾತ್ರೆ ಇಟ್ಟು ಉಳಿದೆರಡು ಕಣ್ಣು ತೆರೆದುಬಿಡುವುದು. ಆ ಕಣ್ಣುಗಳಿಂದ ತಣ್ಣನೆ ಗಾಳಿ ನುಗ್ಗಿ ಪೈಪ್ ತಣ್ಣಗಾಗಿ ಎಳೆತ ಸತ್ತುಹೋಗುತ್ತದೆ. ಅಡುಗೆ ಇಲ್ಲದಿದ್ದರೂ ಎರಡನೇ ಕಣ್ಣಿಗೆ ನೀರಿನ ಪಾತ್ರೆ, ಮೂರನೆಯದಕ್ಕೆ ಬೀಡಿನ ಮುಚ್ಚಳ ಇರಲಿ. ಪಾತ್ರೆ ಕಣ್ಣಿನ ಅಂಚಿಗೆ ಸರಿಯಾಗಿ ಕೂರದಿದ್ದರೆ ಹಸಿ ಜೇಡಿಯ ಸುರುಳಿ ಸುತ್ತಿ ಕೂರಿಸಿ.

ಹಂತ 4: ಪೈಪ್

ಅಂಗಡಿಯವರು ಮೊದಲು ತೋರಿಸುವುದು ಸಿಮೆಂಟ್ ಪೈಪ್, ಅಂದರೆ ಕಲ್ನಾರಿನ ಎಸಿ ಪೈಪ್. ಅಗ್ಗ, ಊರೆಲ್ಲ ಅದೇ ಇದೆ. ನನ್ನ ಸಲಹೆ: ಹೊಸದಾಗಿ ಹಾಕಬೇಡಿ. ಜೋರು ಬಿಸಿಗೆ ಸೀಳುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಕಲ್ನಾರಿನ ಎಳೆ ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುತ್ತದೆ. ಈಗಾಗಲೇ ಇರುವ ಪೈಪ್ ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ಇರಲಿ, ಆದರೆ ಅದನ್ನು ಗ್ರೈಂಡರ್‌ನಲ್ಲಿ ಕತ್ತರಿಸುವುದು, ಒಣಗಿರುವಾಗ ಒಡೆಯುವುದು ಮಾತ್ರ ಖಂಡಿತ ಬೇಡ.

ಹಾಕುವುದಾದರೆ ಒಲೆಯಿಂದ ಮೊದಲ ಐದಾರು ಅಡಿ ಎರಡು ಮಿಲಿಮೀಟರ್ ದಪ್ಪದ ಕಪ್ಪು ಕಬ್ಬಿಣದ ಪೈಪ್, ಅದರ ಮೇಲೆ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್. ಕೈಯಲ್ಲಿ ಕಾಸಿದ್ದರೆ ಪೂರ್ತಿ 304 ದರ್ಜೆಯ ಸ್ಟೀಲ್. ಒಲೆಗೆ ತಾಗಿಕೊಂಡೇ ಜಿಐ ಬೇಡ. ಬೆಂಕಿಯ ಬುಡದ ಬಿಸಿಗೆ ಅದರ ಸತುವಿನ ಲೇಪ ಕರಗಿ ಕೆಡುತ್ತದೆ, ಹೆಚ್ಚು ಬಿಸಿಗೆ ಬರುವ ಅದರ ಹೊಗೆ ಜ್ವರ ತರುತ್ತದೆ.

ಅಡುಗೆ ಒಲೆಗೆ ನಾಲ್ಕಿಂಚು, ದೊಡ್ಡ ಹಂಡೆ ಒಲೆಗೆ ಐದಾರು ಇಂಚು. ಬುಡದಲ್ಲಿ ಎಷ್ಟಗಲವೋ ತುದಿಯವರೆಗೂ ಅಷ್ಟೇ ಅಗಲ. ಎರಡು ಒಲೆಗೆ ಒಂದೇ ಪೈಪ್ ಸೇರಿಸುವ ಜಾಣತನ ಬೇಡ, ಆರಿದ ಒಲೆಯ ಬಾಯಿಂದ ಉರಿಯುವ ಒಲೆಯ ಹೊಗೆ ಬರುತ್ತದೆ.

ಪೈಪಿನ ಜೋಡಣೆಯಲ್ಲಿ ನಮ್ಮ ಕಡೆಯ ವೆಲ್ಡಿಂಗ್ ಶಾಪಿನವರು ಮಳೆನೀರಿನ ದೋಣಿ ಪೈಪಿನ ಪದ್ಧತಿಯನ್ನು ಮರೆತು ಉಲ್ಟಾ ಹಾಕುವುದುಂಟು. ಮೇಲಿನ ತುಂಡಿನ ಕೆಳತುದಿ ಕೆಳಗಿನ ತುಂಡಿನ ಒಳಗೆ ಇಳಿಯಬೇಕು. ಹಸಿ ಸೌದೆ ಉರಿದಾಗ ಪೈಪಿನೊಳಗೆ ಕಪ್ಪು ಡಾಂಬರಿನಂಥ ರಸ ಇಳಿಯುತ್ತದೆ. ಜೋಡಣೆ ಸರಿಯಿದ್ದರೆ ಅದು ಒಳಗೇ ಇಳಿದು ಸುಟ್ಟುಹೋಗುತ್ತದೆ, ಉಲ್ಟಾ ಇದ್ದರೆ ಪೈಪಿನ ಹೊರಮೈಗೆ ಸೋರಿ ಬಿಳಿ ಗೋಡೆಯ ಮೇಲೆ ಕಂದು ಗೆರೆ ಎಳೆಯುತ್ತದೆ. ಅದರ ವಾಸನೆ ಜನ್ಮದಲ್ಲಿ ಹೋಗುವುದಿಲ್ಲ.

ತಿರುವು ಎರಡಕ್ಕಿಂತ ಹೆಚ್ಚು ಬೇಡ. 90 ಡಿಗ್ರಿಯ ಒಂದು ಎಲ್ಬೋ ಬದಲು 45ರ ಎರಡು ತುಂಡು ಮೇಲು. ಅಡ್ಡ ಓಡಿಸಲೇಬೇಕಾದರೆ ಮೀಟರಿಗೆ ಎರಡು ಸೆಂಟಿಮೀಟರ್ ಏರು ಕೊಡಿ. ಬುಡದಲ್ಲಿ ಒಂದು ಟೀ (ಇಂಗ್ಲಿಷಿನ T ಆಕಾರದ ಪೈಪ್ ತುಂಡು) ಹಾಕಿಸಿ ಕೆಳಬಾಯಿಗೆ ಬಿಗಿ ಮುಚ್ಚಳ ಇಡಿ. ಮಸಿ ತೆಗೆಯುವ ದಿನ ನನ್ನನ್ನು ನೆನೆಸಿಕೊಳ್ಳುತ್ತೀರಿ.

ಹಂತ 5: ಮಾಡು ದಾಟಿಸುವುದು

ಬೆಂಕಿ ಅನಾಹುತ ಹೆಚ್ಚಾಗಿ ಹುಟ್ಟುವುದು ಇಲ್ಲಿ. ಹಂಚಿನ ಮಾಡಾದರೆ ಪಕಾಸು, ರೀಪು ಎಲ್ಲ ಒಣ ಮರ. ಮೇಲುಹೊದಿಕೆ ಇಲ್ಲದ ಒಂಟಿ ಪೈಪಿನಿಂದ ಮರ 18 ಇಂಚು ದೂರ ಇರಬೇಕು ಎನ್ನುವುದು ಹೊರದೇಶಗಳಲ್ಲಿ ಪಾಲಿಸುವ ಅಳತೆ. ನಮ್ಮ ಮಾಡಿನಲ್ಲಿ ರೀಪಿನಿಂದ ರೀಪಿಗೆ ಅಷ್ಟು ಅಂತರವೇ ಇಲ್ಲವಲ್ಲ! ಅದಕ್ಕೇ ಆ ಜಾಗದಲ್ಲಿ ರೀಪು ಕತ್ತರಿಸಿ ಕಬ್ಬಿಣದ ಆಂಗಲ್ ಚೌಕಟ್ಟು ಕೂರಿಸಿ, ಪೈಪಿನ ಸುತ್ತ ಇನ್ನೊಂದು ದೊಡ್ಡ ತಗಡಿನ ಕೊಳವೆ ಹಾಕಿ ನಡುವಿನ ಜಾಗಕ್ಕೆ ರಾಕ್‌ವೂಲ್ (ಬೆಂಕಿ ಹತ್ತದ ಕಲ್ಲಿನ ಎಳೆಯ ಹತ್ತಿ) ತುಂಬಿಸಿ. ಥರ್ಮೋಕೋಲ್, ತೆಂಗಿನ ನಾರು, ಬಟ್ಟೆ ಬೇಡವೇ ಬೇಡ. ಸೋರುತ್ತದೆಂದು ಹಂಚಿನ ಕೆಳಗೆ ಪ್ಲಾಸ್ಟಿಕ್ ಹೊದಿಸಿದ್ದರೆ ಪೈಪಿನ ಸುತ್ತ ಎರಡಡಿ ಕತ್ತರಿಸಿ ತೆಗೆಯಿರಿ.

ಆರ್‌ಸಿಸಿಯಲ್ಲಿ ಮರದ ಭಯವಿಲ್ಲ, ಆದರೆ ಪೈಪನ್ನು ಕಾಂಕ್ರೀಟಿಗೆ ಬಿಗಿಯಾಗಿ ಕಚ್ಚಿಸಿದರೆ ಬಿಸಿಗೆ ಹಿಗ್ಗಿ ಸ್ಲ್ಯಾಬ್ ಬಿರಿಯುತ್ತದೆ. ಎರಡಿಂಚು ಸಡಿಲ ಬಿಟ್ಟು ಸ್ಲೀವ್ (ಹೊರಕೊಳವೆ) ಹಾಕಿಸಿ, ಮೇಲೆ ನೀರು ತಡೆಯುವ ತಗಡಿನ ಕೊರಳಪಟ್ಟಿ.

ಹೊರಗೆ ಎಷ್ಟೆತ್ತರ? ಮಾಡು ದಾಟಿದಲ್ಲಿಂದ ಕನಿಷ್ಠ ಮೂರಡಿ. ಜೊತೆಗೆ ಸುತ್ತ ಹತ್ತಡಿ ದೂರದೊಳಗಿರುವ ಮಾಡಿನ ನೆತ್ತಿ, ನೀರಿನ ಟ್ಯಾಂಕ್, ಗೋಡೆ ಯಾವುದಿದ್ದರೂ ಅದಕ್ಕಿಂತ ಎರಡಡಿ ಮೇಲೆ. ಸೂರಿನ ಕೆಳಗೇ ಗೋಡೆಯಿಂದ ಅಡ್ಡ ಪೈಪ್ ಚಾಚಿ ಬಿಟ್ಟಿರುವುದನ್ನು ಬೇಕಾದಷ್ಟು ಕಡೆ ನೋಡಿದ್ದೇನೆ. ಗಾಳಿ ಎದುರು ಬೀಸಿದ ದಿನ ಆ ಮನೆಯವರು ಅಂಗಳದಲ್ಲೇ ಊಟ ಮಾಡಬೇಕು. ತುದಿಗೆ ಟೋಪಿ ಇರಲಿ, ಪೈಪಿನ ಬಾಯಿಗೂ ಟೋಪಿಗೂ ನಡುವೆ ಒಂದು ಪೈಪಿನ ಅಗಲದಷ್ಟಾದರೂ ಜಾಗ ಇರಲಿ.

ಹಂತ 6: ಮಳೆಗಾಲದ ಮೊದಲ ಬೆಂಕಿ

ತಿಂಗಳುಗಟ್ಟಲೆ ಹಚ್ಚದ ಒಲೆಯ ಪೈಪಿನಲ್ಲಿ ತಣ್ಣನೆಯ ಒದ್ದೆ ಗಾಳಿ ಬೆಣೆಯಂತೆ ಕೂತಿರುತ್ತದೆ. ಒಮ್ಮೆಲೇ ಸೌದೆ ಒಟ್ಟಿದರೆ ಹೊಗೆ ಎಲ್ಲಿ ಹೋಗಬೇಕು? ಮೊದಲು ಬುಡದ ಟೀ ಬಾಯಲ್ಲಿ ಒಂದು ಹಾಳೆ ಕಾಗದ ಉರಿಸಿ, ಪೈಪ್ ಗೂಂ ಎನ್ನುವ ಸದ್ದು ಕೇಳಿದ ಮೇಲೆ ಮುಚ್ಚಳ ಹಾಕಿ ಒಲೆಗೆ ಪುಳ್ಳೆ ಇಡಿ. ಕಣಜದ ಗೂಡು, ಹಕ್ಕಿಗೂಡು ಇದೆಯೇ ಎಂದು ಅದಕ್ಕೂ ಮೊದಲೇ ನೋಡಿರಬೇಕು. ಬುಡದ ಮುಚ್ಚಳ ತೆಗೆದು ಕನ್ನಡಿ ಹಿಡಿದರೆ ಆಕಾಶದ ತುಂಡು ಕಾಣುತ್ತದೆ. ಕಾಣದಿದ್ದರೆ ಬೆಂಕಿ ಹಚ್ಚಬೇಡಿ.

ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದುಂಟು. ಅದು ಶೇಕಡಾ ಇಪ್ಪತ್ತರೊಳಗೆ ಇಳಿಯಲು ಸೀಳಿ ಒಟ್ಟಿ ಒಂದು ಬೇಸಗೆಯಾದರೂ ಕಾಯಬೇಕು. ಎರಡು ತುಂಡನ್ನು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದು ದಪ್ ಎನ್ನುತ್ತದೆ. ಪ್ಲಾಸ್ಟಿಕ್ ಕವರ್, ಬಣ್ಣ ಬಳಿದ ಪ್ಲೈವುಡ್ ತುಂಡು ಒಲೆಗೆ ಹಾಕುವವರಿಗೆ ಹೇಳುವುದು ಏನೂ ಇಲ್ಲ.

ಕಾಣದ ಹೊಗೆ

ಕಣ್ಣುರಿಸುವ ಹೊಗೆ ನಿಮ್ಮನ್ನು ಹೊರಗೆ ಓಡಿಸುತ್ತದೆ, ಅಷ್ಟರಮಟ್ಟಿಗೆ ಅದು ಉಪಕಾರಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದು ಜಾಸ್ತಿ ಬರುವುದು ಹೊಗೆಯೆಲ್ಲ ಮುಗಿದು ಕೆಂಡ ಹೊಳೆಯುವಾಗ. ಚಳಿಗೆ ಮಲಗುವ ಕೋಣೆಗೆ ಕೆಂಡದ ಬಾಣಲೆ, ಅಗ್ಗಿಷ್ಟಿಕೆ ಒಯ್ದು ಬಾಗಿಲು ಹಾಕಿಕೊಂಡವರು ಬೆಳಿಗ್ಗೆ ಏಳದ ಸುದ್ದಿಗಳು ಪ್ರತಿ ಚಳಿಗಾಲ ಬರುವುದು ಇದರಿಂದಲೇ. ಪೈಪಿಗೆ ಡ್ಯಾಂಪರ್ ತಗಡು (ಎಳೆತ ತಗ್ಗಿಸಲು ಪೈಪಿನೊಳಗೆ ತಿರುಗಿಸಿ ಮುಚ್ಚುವ ತಗಡು) ಹಾಕಿಸಿದ್ದರೆ ಅದಕ್ಕೊಂದು ರೂಪಾಯಿ ನಾಣ್ಯದಗಲದ ತೂತು ಕೊರೆಸಿ, ಪೂರ್ತಿ ಮುಚ್ಚಿಹೋಗದಂತೆ. ಕೆಂಡ ಬೂದಿಯಾಗುವವರೆಗೂ ಡ್ಯಾಂಪರ್ ತೆರೆದೇ ಇರಬೇಕು.

ಲಕ್ಷಣ: ತಲೆನೋವು, ತಲೆಸುತ್ತು, ವಾಕರಿಕೆ, ಜ್ವರವಿಲ್ಲ. ಮನೆಮಂದಿಗೆಲ್ಲ ಒಟ್ಟಿಗೇ ಬಂದು, ಅಂಗಳಕ್ಕೆ ಹೋದರೆ ಕಡಿಮೆಯಾದರೆ ಅದು ಪಿತ್ತವಲ್ಲ, ಒಲೆ. ಎಲ್ಲರೂ ಹೊರಗೆ ಬನ್ನಿ, 108ಕ್ಕೆ ಫೋನ್ ಮಾಡಿ, "ಹೊಗೆ ಕುಡಿದಿರಬಹುದು" ಎಂದು ಬಾಯಿಬಿಟ್ಟು ಹೇಳಿ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ 98 ತೋರಿಸಿತೆಂದು ಸುಮ್ಮನಾಗಬೇಡಿ. ಮೊನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಒಳ್ಳೆಯ ರಕ್ತ ಎಂದೇ ಓದುತ್ತದೆ. ಒಲೆ ಇರುವ ಕೋಣೆಗೆ ಬ್ಯಾಟರಿಯ ಸಿಒ (ಕಾರ್ಬನ್ ಮೊನಾಕ್ಸೈಡ್) ಅಲಾರಂ ಒಂದನ್ನು ತಂದು, ಒಲೆಯಿಂದ ಆರೇಳು ಅಡಿ ದೂರದ ಗೋಡೆಗೆ ಹಾಕಿ. ಕೊಳ್ಳುವಾಗ ಇಎನ್ 50291 ಎಂಬ ಯುರೋಪಿನ ಮಾನಕದ ಗುರುತು ನೋಡಿ. ಬರೀ ಸ್ಮೋಕ್ ಡಿಟೆಕ್ಟರ್ ಈ ಕೆಲಸಕ್ಕೆ ಬಾರದು.

ಮಸಿ

ಪೈಪಿನೊಳಗೆ ಮೂರು ಮಿಲಿಮೀಟರ್ ಮಸಿ ಕೂತರೆ ತೆಗೆಯುವ ಕಾಲ ಬಂತೆಂದು ಅರ್ಥ. ದಿನಾ ಉರಿಯುವ ಒಲೆಗೆ ಮಳೆಗಾಲದಲ್ಲಿ ಎರಡು ತಿಂಗಳಿಗೊಮ್ಮೆ, ಉಳಿದಂತೆ ಮಳೆ ಶುರುವಾಗುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ. ಬ್ರಷ್ ಸಿಗದಿದ್ದರೆ ತೆಂಗಿನ ಸಿಪ್ಪೆಯನ್ನು ಪೈಪಿನ ಅಗಲಕ್ಕೆ ಬಿಗಿದು ಕಟ್ಟಿ, ಎರಡೂ ಕಡೆ ಹಗ್ಗ ಹಾಕಿ, ಒಬ್ಬರು ಮೇಲೆ ಒಬ್ಬರು ಕೆಳಗೆ ಎಳೆದಾಡಿದರೆ ಸಾಕು. ಒಲೆಯ ಕಣ್ಣುಗಳನ್ನು ಒದ್ದೆ ಗೋಣಿಯಿಂದ ಮುಚ್ಚಿಕೊಳ್ಳಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ತಾರಸಿ ಜಾರುವ ದಿನ ಹತ್ತಬೇಡಿ.

ಮಸಿಗೇ ಬೆಂಕಿ ಹಿಡಿದರೆ ಪೈಪ್ ವಿಮಾನ ಹೋದಂತೆ ಮೊರೆಯುತ್ತದೆ, ತುದಿಯಲ್ಲಿ ಕಿಡಿ ಹಾರುತ್ತದೆ. ಒಳಗಿನ ಬಿಸಿ ಸಾವಿರ ಡಿಗ್ರಿ ಮುಟ್ಟಬಹುದು. ನೀರು ಸುರಿಯಬೇಡಿ, ಪೈಪ್ ಸೀಳುತ್ತದೆ, ಹಬೆ ಮುಖಕ್ಕೆ ಬರುತ್ತದೆ. ಒಲೆಬಾಯಿಗೆ ತಗಡು ಅಡ್ಡ ಇಟ್ಟು ಗಾಳಿ ನಿಲ್ಲಿಸಿ, ಮಕ್ಕಳು ಮುದುಕರನ್ನು ಹೊರಗೆ ಕಳಿಸಿ, 112ಕ್ಕೆ ಕರೆ ಮಾಡಿ ನೀವೂ ಹೊರಬನ್ನಿ. ಬೆಂಕಿ ಆರಿದ ಮೇಲೂ ಪೈಪ್ ದಾಟಿದ ಜಾಗದ ಮರವನ್ನು ಗಂಟೆಗೊಮ್ಮೆ ನೋಡುತ್ತಿರಿ.

ಬೂದಿಯೊಳಗಿನ ಕೆಂಡ ಒಂದು ದಿನ ದಾಟಿದರೂ ಜೀವ ಹಿಡಿದಿರುತ್ತದೆ. ಗೋಣಿಚೀಲಕ್ಕೆ, ಪ್ಲಾಸ್ಟಿಕ್ ಬಕೆಟ್ಟಿಗೆ ತುಂಬಿ ಕೊಟ್ಟಿಗೆಯಲ್ಲಿಡಬೇಡಿ. ಮುಚ್ಚಳದ ತಗಡಿನ ಡಬ್ಬ ಇಟ್ಟುಕೊಳ್ಳಿ. ಆ ಡಬ್ಬದ ಮೇಲೆ ನಾವು ಮಸಿ ತೆಗೆದ ತಾರೀಖನ್ನು ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ಕಿಂಡಿಗೆ ತುರುಕಿದ ಗೋಣಿ ತೆಗೆದ ತಾರೀಖನ್ನು ಕೂಡ ಅಮ್ಮ ಅದರ ಪಕ್ಕದಲ್ಲೇ ಬರೆದಿದ್ದಾಳೆ.